ಮನೆಖರ್ಚು ಏರಿದರೆ ಫುಟ್‌ಬಾಲ್ ಕ್ಲಬ್ಬಿಗೆ ಪೆಟ್ಟು ಯಾವ ಬಾಗಿಲಿಂದ ಬರುತ್ತದೆ?

ಲೆಕ್ಕದ ಪುಸ್ತಕ (ಪುಣೆ)

ಗ್ಯಾಸು, ಬಾಡಿಗೆ, ಶಾಲೆ ಫೀಸು ಏರಿದರೆ ಸ್ಟೇಡಿಯಂ ಖಾಲಿ. ಸ್ಟೇಡಿಯಂ ಖಾಲಿಯಾದರೆ ಕ್ಲಬ್ ದಿವಾಳಿ. ಎರಡೇ ಹೆಜ್ಜೆಯಲ್ಲಿ ಮುಗಿಸಿಬಿಡುವ ಈ ವಾದ ಪದೇ ಪದೇ ಕಿವಿಗೆ ಬೀಳ್ತಾ ಇದೆ. ವಿಷಯ ಇಷ್ಟು ನೇರ ಇಲ್ಲ.

ಇಂಗ್ಲೆಂಡ್ ನೋಡಿ. 2022ರ ಅಕ್ಟೋಬರ್‌ನಲ್ಲಿ ಅಲ್ಲಿಯ ಬೆಲೆಯೇರಿಕೆ ಶೇ 11.1 ಮುಟ್ಟಿತು. ಸಾಧಾರಣ ಮನೆಯೊಂದರ ಗ್ಯಾಸ್-ಕರೆಂಟ್ ಬಿಲ್ಲಿನ ವಾರ್ಷಿಕ ಮಿತಿ 2021ರ ಅಕ್ಟೋಬರ್‌ನಲ್ಲಿ 1,277 ಪೌಂಡ್ ಇತ್ತು. ಒಂದೇ ವರ್ಷದಲ್ಲಿ ಅದು 3,549ಕ್ಕೆ ಹಾರಿತು, ಸರ್ಕಾರ ನಡುವೆ ಬಂದು 2,500ರ ಆಸುಪಾಸಿಗೆ ಕಟ್ಟಿಹಾಕಿತು. ಅಂಥ ಸೀಸನ್‌ನಲ್ಲೂ ಅಲ್ಲಿಯ ಮೊದಲ ಡಿವಿಷನ್ ಆದ ಪ್ರೀಮಿಯರ್ ಲೀಗ್‌ನ ಸ್ಟೇಡಿಯಂಗಳು ತುಂಬಿಯೇ ಇದ್ದವು.

ಜನ ಖರ್ಚು ಕಡಿಮೆ ಮಾಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಸ್ಟೇಡಿಯಂ ಒಳಗಿನ ತಿಂಡಿ, ಬಿಯರು. ಆಮೇಲೆ ಹೊಸ ಜೆರ್ಸಿ: ಹೋದ ವರ್ಷದ್ದೇ ಸಾಕು ಅಂತ. ಆಮೇಲೆ ಎರಡು ಟಿವಿ ಚಂದಾದಲ್ಲಿ ಒಂದು. ಸೀಸನ್ ಟಿಕೆಟ್ ಕಟ್ಟಕಡೆಗೆ, ಯಾಕೆಂದರೆ ಒಮ್ಮೆ ಬಿಟ್ಟ ಸೀಟು ವೇಟಿಂಗ್ ಲಿಸ್ಟ್‌ನವರ ಪಾಲು, ಮತ್ತೆ ಸಿಗಲ್ಲ. ಹಾಗಾಗಿ ತಲೆ ಎಣಿಸಿದರೆ ಏನೂ ಗೊತ್ತಾಗಲ್ಲ. ತಲೆಗೆ ಎಷ್ಟು ಖರ್ಚಾಯಿತು ಅಂತ ನೋಡಬೇಕು.

ಡೊಂಬಿವಲಿ ಡಿಫೆಂಡರ್

ಇಂಗ್ಲೆಂಡ್ ಇರಲಿ ಸರ್, ಮುಂಬೈಯ ಅಂಧೇರಿಗೆ ಬನ್ನಿ. ಒಂದು ಕುಟುಂಬ, ನಾಲ್ಕು ಜನ, ಡೊಂಬಿವಲಿಯಿಂದ ವೀರಾ ದೇಸಾಯಿ ರಸ್ತೆಯ ಸ್ಟೇಡಿಯಂಗೆ. ಘಾಟ್ಕೋಪರ್ ತನಕ ಲೋಕಲ್, ಅದು ಸೋವಿ, ಬಿಡಿ. ಅಲ್ಲಿಂದ ಆಜಾದ್ ನಗರಕ್ಕೆ ಮೆಟ್ರೊ. ಗರಿಷ್ಠ ದರ ₹40 ಹಿಡಿದರೆ ಹೋಗಿ ಬರಲು ನಾಲ್ವರಿಗೆ ₹320. ಟಿಕೆಟ್ ₹299ರಂತೆ ಇದೆ ಅಂದುಕೊಳ್ಳಿ, ₹1,196. ಒಳಗೆ ತಿಂಡಿ, ನೀರು ತಲೆಗೆ ₹150, ಒಟ್ಟು ₹600. ಆಗಲೇ ₹2,116 ಆಯಿತು. ಪಂದ್ಯ 7.30ಕ್ಕೆ ಶುರುವಾದರೆ ಮುಗಿಯುವಾಗ 9.25. ಡೊಂಬಿವಲಿಯಲ್ಲಿ ಇಳಿಯುವ ಹೊತ್ತಿಗೆ ಮಕ್ಕಳು ಭುಜದ ಮೇಲೆ ನಿದ್ದೆ, ಮನೆಗೆ ಆಟೊ ಬೇಕೇ ಬೇಕು. ಆಟೊದ ಕನಿಷ್ಠ ದರ 2025ರ ಫೆಬ್ರವರಿಯಲ್ಲಿ ₹23ರಿಂದ ₹26 ಆಯಿತು.

ಇದರಲ್ಲಿ ಕ್ಲಬ್ಬಿನ ಕೈಯಲ್ಲಿರುವುದು ಟಿಕೆಟ್, ತಿಂಡಿ ಎರಡೇ. ಟಿಕೆಟ್‌ಗೆ ₹50 ಇಳಿಸಿದರೆ ಆ ಮನೆಗೆ ಉಳಿಯುವುದು ₹200. ಮನೆಯ ಚಪಾತಿ ರೋಲು, ನೀರಿನ ಬಾಟಲಿ ಒಳಗೆ ಬಿಟ್ಟರೆ ₹600. ಆದರೆ ಗೇಟ್‌ನಲ್ಲಿ ಬಾಟಲಿ ಕಿತ್ತು ಡ್ರಮ್ಮಿಗೆ ಎಸೆಯುತ್ತಾರಲ್ಲ!

ಮಾಟುಂಗಾ ಬೆಂಚ್

ಬಾಟಲಿ ಎಸೆಯುವುದು ಮೈದಾನಕ್ಕೆ ಬೀಳಬಾರದು ಅಂತ ಮಾರಾಯ್ರೆ, ಅದು ಭದ್ರತೆಯ ನಿಯಮ. ತಿಂಡಿ ಬಿಡದಿರುವುದು ಬೇರೆ ಕತೆ, ಅದರ ಹಿಂದೆ ಕ್ಯಾಂಟೀನ್ ಕಂತ್ರಾಟು ಉಂಟು.

ಲೆಕ್ಕ ಹೀಗೆ ಹಾಕಿ ನೋಡಿ, ಅಂಕಿ ಬರೀ ಉದಾಹರಣೆಗೆ. 5,000 ಜನ ಬಂದರು, 3,000 ಮಂದಿ ಏನಾದರೂ ಕೊಂಡರು, ಸರಾಸರಿ ₹120. ವ್ಯಾಪಾರ ₹3.6 ಲಕ್ಷ. ಸಾಮಾನಿಗೆ ನೂರಕ್ಕೆ 40ರಂತೆ ₹1.44 ಲಕ್ಷ. ಹುಡುಗರ ಕೂಲಿ, 19 ಕೆ.ಜಿ.ಯ ಸಿಲಿಂಡರು, ಟೆಂಪೊ ಎಲ್ಲ ಸೇರಿ ₹1 ಲಕ್ಷ. ಪಂದ್ಯಕ್ಕೆ ಇಂತಿಷ್ಟು ಅಂತ ಕ್ಲಬ್ಬಿಗೆ ಕಟ್ಟುವ ನಿಗದಿ ಹಣ ₹40,000. ಕಂತ್ರಾಟುದಾರನಿಗೆ ಉಳಿಯಿತು ₹76,000.

ಈಗ ಅಷ್ಟೇ ಜನ ಬಂದರು, ಆದರೆ ಸರಾಸರಿ ₹80ಕ್ಕೆ ಇಳಿಯಿತು. ವಡಾಪಾವ್ ತಗೊಂಡವನು ಚಹಾ ಬಿಟ್ಟ, ಅಷ್ಟೆ. ವ್ಯಾಪಾರ ₹2.4 ಲಕ್ಷ, ಸಾಮಾನು ₹96,000. ಕೂಲಿ ಅಷ್ಟೇ, ನಿಗದಿ ಹಣ ಅಷ್ಟೇ. ಉಳಿಕೆ ₹4,000! ವ್ಯಾಪಾರ ಬಿದ್ದದ್ದು ಮೂರರಲ್ಲಿ ಒಂದು ಪಾಲು, ಲಾಭ ಹೋದದ್ದು ಹೆಚ್ಚುಕಡಿಮೆ ಪೂರ್ತಿ. ಕ್ಲಬ್ಬಿನ ಪುಸ್ತಕದಲ್ಲಿ ಈ ವರ್ಷ ಏನೂ ಕಾಣುವುದಿಲ್ಲ, ₹40,000 ಬಂದೇ ಬರುತ್ತದೆ. ಮುಂದಿನ ವರ್ಷ ಟೆಂಡರ್ ಕರೆದಾಗ ಅದೇ ಮನುಷ್ಯ ₹15,000ಕ್ಕೆ ಕೇಳುತ್ತಾನೆ, ಇಲ್ಲ ಬರುವುದೇ ಇಲ್ಲ.

ಲೆಕ್ಕದ ಪುಸ್ತಕ (ಪುಣೆ)

ಬೆಂಚ್ ಅವರು ಹೇಳಿದ ಆ ಒಂದು ವರ್ಷದ ತಡ ಈ ವ್ಯವಹಾರದಲ್ಲಿ ಎಲ್ಲ ಕಡೆಯೂ ಇದೆ. ಟಿವಿ ಹಕ್ಕಿನಲ್ಲಿ ತಡ ಇನ್ನೂ ಉದ್ದ. ಪ್ರೀಮಿಯರ್ ಲೀಗ್‌ನ ದೇಶದೊಳಗಿನ ಪ್ರಸಾರದ ಹಕ್ಕು 2025ರಿಂದ 2029ರವರೆಗೆ 670 ಕೋಟಿ ಪೌಂಡ್‌ಗೆ ಹೋಗಿದೆ. ಕೆಳಗಿನ ಮೂರು ಡಿವಿಷನ್‌ನ ಇಎಫ್‌ಎಲ್‌ಗೆ ಸ್ಕೈ ಟಿವಿ ಜೊತೆ 2024ರಿಂದ ಐದು ವರ್ಷಕ್ಕೆ 93.5 ಕೋಟಿ ಪೌಂಡ್. ಈ ವರ್ಷ ಸಾವಿರಾರು ಮನೆಗಳು ಚಂದಾ ನಿಲ್ಲಿಸಿದರೂ ಕ್ಲಬ್ಬಿಗೆ ಕಂತು ಬರುತ್ತಲೇ ಇರುತ್ತದೆ. ಏಟು ಬೀಳುವುದು ಮುಂದಿನ ಹರಾಜಿನಲ್ಲಿ, ಅಥವಾ ಹಕ್ಕು ಕೊಂಡವನೇ ಕುಸಿದಾಗ.

ವಾಸ್ಕೋ ವಿಂಗ್

ಕುಸದ್ರ ಏನಾಕ್ಕೈತಿ ಅನ್ನೂದಕ್ಕ ಸೆಟಾಂಟಾ ಅನ್ನೂ ಕ್ರೀಡಾ ಚಾನೆಲ್ ನೋಡ್ರಿ. 2009ರ ಜೂನ್, ಮಂದಿ ಕೈಯಾಗ ರೊಕ್ಕ ಇಲ್ಲದ ಕಾಲ. ಖರ್ಚು ಸರಿದೂಗಾಕ 19 ಲಕ್ಷ ಚಂದಾದಾರರು ಬೇಕಿತ್ತು, ಇದ್ದವರು 12 ಲಕ್ಷ. ಬ್ರಿಟನ್ನಿನ ಅಂಗಡಿ ಮುಚ್ಚಿತು. ಪ್ರೀಮಿಯರ್ ಲೀಗಿಗೆ ಏನೂ ಆಗಲಿಲ್ಲ, ಆ ಹಕ್ಕು ಕೊಳ್ಳಾಕ ಬ್ಯಾರೆಯವ್ರು ಬಾಗಲದಾಗ ನಿಂತಿದ್ರು. ಸ್ಕಾಟ್ಲೆಂಡ್ ಲೀಗಿಗೆ ಮಾತ್ರ 12.5 ಕೋಟಿ ಪೌಂಡಿನ ನಾಕು ವರ್ಷದ ಕರಾರು ಕೈ ಬಿಟ್ಟು ಹೋತು. ಅಲ್ಲಿ ಸಣ್ಣ ಕ್ಲಬ್‌ಗೋಳು ಆ ರೊಕ್ಕ ನಂಬಿ ಆಗಲೇ ಆಟಗಾರರಿಗೆ ಕರಾರು ಬರದು ಕೊಟ್ಟಿದ್ವು.

ಫ್ರಾನ್ಸಿಂದೂ ಹಂಗ. 2020ರಾಗ ಮೀಡಿಯಾಪ್ರೊ ಅನ್ನೂ ಪ್ರಸಾರ ಕಂಪನಿ ವರ್ಷಕ್ಕ 81.4 ಕೋಟಿ ಯೂರೊ ಕೊಡತೀನಿ ಅಂತ ಬಂತು, ತಿಂಗಳಿಗೆ 25.90 ಯೂರೊ ಚಾನೆಲ್ ದರ ಇಟ್ಟಿತು, ಅಕ್ಟೋಬರ್ ಕಂತಿಗೇ ಕೈ ಎತ್ತಿತು. ಆಮ್ಯಾಲ ಬಂದ ಡಾಜ಼ೋನ್ ವರ್ಷಕ್ಕ ಸುಮಾರು 40 ಕೋಟಿ ಒಪ್ಪಿ, 2025ರಾಗ ಒಂದ ಸೀಸನ್ನಿಗೆ ಎದ್ದು ಹೋತು. ಕಡೀಕೆ ಲೀಗ್ ತಾನ ಚಾನೆಲ್ ಸುರು ಮಾಡಿ 14.99 ಯೂರೊಕ್ಕ ಇಳೀತು. ಹತ್ತು-ಹದಿನೈದು ಯೂರೊ ಹೆಚ್ಚಿಟ್ರ ಮಂದಿ ಕಳ್ಳ ಲಿಂಕ್ ಹಿಡೀತಾರ, ಇದು ಅವ್ರಿಗೆ ತಿಳಿಯಾಕ ಐದು ವರ್ಷ ಬೇಕಾತು.

ಡೊಂಬಿವಲಿ ಡಿಫೆಂಡರ್

ಇಲ್ಲೂ ಅದೇ ಅಲ್ಲವಾ? ಇಂಗ್ಲಿಷ್ ಲೀಗ್‌ಗೆ ಜಿಯೊಹಾಟ್‌ಸ್ಟಾರ್, ಚಾಂಪಿಯನ್ಸ್ ಲೀಗ್‌ಗೆ ಸೋನಿಲಿವ್, ಲಾ ಲಿಗಾಗೆ ಫ್ಯಾನ್‌ಕೋಡ್. ಮನೆಯಲ್ಲಿ ಮೊದಲು ರದ್ದಾಗುವುದು ಇವುಗಳಲ್ಲೇ ಒಂದು.

ಲೆಕ್ಕದ ಪುಸ್ತಕ (ಪುಣೆ)

ಹೌದು. ಆದರೆ ನಮ್ಮ ಕ್ಲಬ್‌ಗಳಿಗೂ ಅಲ್ಲಿಯವಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಲೆಕ್ಕಪತ್ರ ಸಂಸ್ಥೆ ಡೆಲಾಯ್ಟ್ ಪ್ರಕಾರ 2023-24ರಲ್ಲಿ ಜಗತ್ತಿನ ಮೊದಲ 20 ಶ್ರೀಮಂತ ಕ್ಲಬ್‌ಗಳ ಆದಾಯದಲ್ಲಿ ಪ್ರಾಯೋಜಕತ್ವ ಮತ್ತು ವ್ಯಾಪಾರದ್ದು ಶೇ 44, ಟಿವಿಯದ್ದು ಶೇ 38, ಪಂದ್ಯದ ದಿನದ ಗಳಿಕೆ ಶೇ 18. ಕೆಳಗಿಳಿದಂತೆ ಗೇಟ್‌ನ, ಅಂದರೆ ಟಿಕೆಟ್ ಹಣದ ತೂಕ ಹೆಚ್ಚುತ್ತದೆ. ಇಂಗ್ಲೆಂಡ್‌ನ ನಾಲ್ಕನೇ ಡಿವಿಷನ್‌ನ ಒಂದು ಕಾಲ್ಪನಿಕ ಕ್ಲಬ್ ತಗೊಳ್ಳಿ: 23 ತವರು ಪಂದ್ಯ, ಸರಾಸರಿ 4,000 ಜನ, ತಲೆಗೆ 18 ಪೌಂಡ್. ಒಟ್ಟು 16.56 ಲಕ್ಷ. ಹತ್ತರಲ್ಲಿ ಒಬ್ಬ ಬರಲಿಲ್ಲ ಅಂದರೆ 1.65 ಲಕ್ಷ ಪೌಂಡ್ ಖೋತಾ, ಅಂದರೆ ಎರಡು-ಮೂರು ಆಟಗಾರರ ಸಂಬಳ. ಆ ಡಿವಿಷನ್‌ನಲ್ಲಿ ತಂಡದ ಸಂಬಳವನ್ನು ಆದಾಯಕ್ಕೆ ಕಟ್ಟಿಹಾಕುವ ನಿಯಮ ಇರುವುದರಿಂದ ಗೇಟ್ ಬಿದ್ದಷ್ಟೂ ಹೊಸ ಆಟಗಾರನನ್ನು ನೋಂದಾಯಿಸುವ ಜಾಗ ಕುಗ್ಗುತ್ತದೆ.

ಈಗ ನಮ್ಮ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್). 5,000 ಜನ, ₹300, ಏಳು ತವರು ಪಂದ್ಯ: ₹1.05 ಕೋಟಿ. ತಂಡದ ಸಂಬಳ ಹತ್ತಾರು ಕೋಟಿ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಅದು. ಹತ್ತರಲ್ಲಿ ಒಬ್ಬ ಬಾರದಿದ್ದರೆ ಹೋಗುವುದು ₹10.5 ಲಕ್ಷ. ಅದರಿಂದ ಇಲ್ಲಿ ಯಾವ ಕ್ಲಬ್ಬೂ ಸಾಯಲ್ಲ.

ಮಾಟುಂಗಾ ಬೆಂಚ್

ಏಳು ಯಾಕೆ? ಹನ್ನೆರಡು-ಹದಿಮೂರು ಅಲ್ವ?

ಲೆಕ್ಕದ ಪುಸ್ತಕ (ಪುಣೆ)

ಎರಡು ಸುತ್ತಾದರೆ ಅಷ್ಟು. 2025ರ ಜುಲೈನಲ್ಲಿ ಲೀಗ್ ನಡೆಸುವ ಕಂಪನಿ ಸೀಸನ್ ತಡೆಹಿಡಿಯಿತು, ಯಾಕೆಂದರೆ ದೇಶದ ಫುಟ್‌ಬಾಲ್ ಫೆಡರೇಷನ್ ಜೊತೆಗಿನ 15 ವರ್ಷದ ಕರಾರು ಆ ಡಿಸೆಂಬರ್‌ಗೆ ಮುಗಿಯುವುದಿತ್ತು. ಹೊಸ ಟೆಂಡರ್‌ಗೆ ನವೆಂಬರ್‌ನಲ್ಲಿ ಒಂದು ಬಿಡ್ಡೂ ಬರಲಿಲ್ಲ. ಕೊನೆಗೆ 2026ರ ಫೆಬ್ರವರಿ 14ಕ್ಕೆ 14 ತಂಡಗಳ ಒಂದೇ ಸುತ್ತಿನ ಲೀಗ್ ಶುರುವಾಯಿತು, 91 ಪಂದ್ಯ. ತಂಡಕ್ಕೆ 13 ಪಂದ್ಯ, ತವರಿನಲ್ಲಿ ಆರೋ ಏಳೋ. ಗೇಟ್ ಅರ್ಧ ಆಯಿತು. ಅದಕ್ಕಿಂತ ದೊಡ್ಡದು ಪ್ರಾಯೋಜಕರ ಕರಾರು. ಜೆರ್ಸಿ ಕರಾರಿನಲ್ಲಿ ಇಂತಿಷ್ಟು ನೇರಪ್ರಸಾರದ ಪಂದ್ಯ ಎಂಬ ಷರತ್ತು ಇದ್ದರೆ ಪಂದ್ಯ ಅರ್ಧವಾದಾಗ ಹಣವೂ ಆ ಪ್ರಮಾಣಕ್ಕೆ ಇಳಿಯುತ್ತದೆ.

ಡೊಂಬಿವಲಿ ಡಿಫೆಂಡರ್

ಹಾಗಾದರೆ ಮನೆಖರ್ಚಿಗೂ ನಮ್ಮ ಕ್ಲಬ್‌ಗೂ ಸಂಬಂಧವೇ ಇಲ್ಲ ಅಂತೀರಾ?

ಲೆಕ್ಕದ ಪುಸ್ತಕ (ಪುಣೆ)

ಇದೆ, ಸುತ್ತು ಬಳಸಿ ಬರುತ್ತದೆ. ಸೋಪು, ಬಿಸ್ಕತ್ತು, ಬಣ್ಣ, ಮೊಬೈಲ್ ಮಾರುವ ಕಂಪನಿಗಳೇ ತಾನೇ ಜೆರ್ಸಿ ಮೇಲೆ, ಗಡಿರೇಖೆಯ ಫಲಕದ ಮೇಲೆ ಇರುವುದು? ಮನೆಗಳು ಹತ್ತು ರೂಪಾಯಿ ಪ್ಯಾಕಿನಿಂದ ಐದರದ್ದಕ್ಕೆ ಇಳಿದಾಗ ಆ ಕಂಪನಿ ಜಾಹೀರಾತು ಹಣ ಕತ್ತರಿಸುತ್ತದೆ. ಕತ್ತರಿಸುವಾಗ ಕ್ರಿಕೆಟ್ ಕೊನೆಗೆ, ಫುಟ್‌ಬಾಲ್ ಮೊದಲಿಗೆ. ಇದೇ ಹೊತ್ತಿಗೆ 2025ರ ಆಗಸ್ಟ್‌ನ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಫ್ಯಾಂಟಸಿ ಆ್ಯಪ್‌ಗಳ ಹಣ ಒಂದೇ ವಾರದಲ್ಲಿ ಬತ್ತಿತು. ಕ್ರಿಕೆಟ್ ತಂಡಕ್ಕೇ ಜೆರ್ಸಿ ಪ್ರಾಯೋಜಕ ಮಧ್ಯದಲ್ಲಿ ಹೋದ, ಫುಟ್‌ಬಾಲ್ ಕೇಳುವವರು ಯಾರು. ಈ ಕಾನೂನು ಬೆಲೆಯೇರಿಕೆಯ ಫಲ ಅಲ್ಲ, ಅದನ್ನು ಬೇರೆಯಾಗಿಯೇ ಇಡಿ. ಎರಡೂ ಒಟ್ಟಿಗೆ ಬಂದವು, ಅಷ್ಟೆ.

ಉಳಿಯುವುದು ಮಾಲೀಕನ ಜೇಬು. ಪುಣೆಯವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತು. ಬಾಲೆವಾಡಿ ಸ್ಟೇಡಿಯಂನಲ್ಲಿ ಪುಣೆ ಎಫ್‌ಸಿ ಹೋಯಿತು, ಭಾರತ್ ಎಫ್‌ಸಿ ಆಗಿನ ಮೇಲಿನ ಲೀಗ್ ಆದ ಐ-ಲೀಗ್‌ನಲ್ಲಿ ಒಂದೇ ಸೀಸನ್ ಆಡಿ ಹೋಯಿತು, 2019ರಲ್ಲಿ ಎಫ್‌ಸಿ ಪುಣೆ ಸಿಟಿಯೂ ಮುಚ್ಚಿತು. ನಾಲ್ಕೈದು ವರ್ಷದಲ್ಲಿ ಮೂರು. ಮುಂಬೈಯ ಮಹೀಂದ್ರಾ ಯುನೈಟೆಡ್ 2010ರಲ್ಲೇ ಬಾಗಿಲು ಹಾಕಿತ್ತು.

ವಾಸ್ಕೋ ವಿಂಗ್

ಗೋವಾದ್ದೂ ಬರೀರಿ ಅಣ್ಣಾರ. ಇಲ್ಲಿ ಕ್ಲಬ್ ಅಂದ್ರ ಗಣಿ ಮನೆತನ. ಸಾಲಗಾಂವ್ಕರ್, ಡೆಂಪೊ. ಅದಿರಿನ ರೊಕ್ಕದಾಗ ಕ್ಲಬ್ ನಡೀತಿತ್ತು. 2012ರ ಅಕ್ಟೋಬರ್‌ನಾಗ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು. ಲಾರಿ ನಿಂತ್ವು, ಬಾರ್ಜ್ ನಿಂತ್ವು, ಹಳ್ಳ್ಯಾಗ ಸಾಲದ ಕಂತು ನಿಂತಿತು. 2014ರಾಗ ಅದಿರಿನ ಪ್ರಮಾಣಕ್ಕ ಮಿತಿ ಹಾಕಿ ಬಿಟ್ರು, 2018ರಾಗ 88 ಲೀಸ್ ರದ್ದಾಗಿ ಮತ್ತ ನಿಂತಿತು. ನಡುವ 2016ರಾಗ ಸಾಲಗಾಂವ್ಕರ್, ಸ್ಪೋರ್ಟಿಂಗ್, ಡೆಂಪೊ ಮೂರೂ ಐ-ಲೀಗ್ ಬಿಟ್ವು. ಮನಿಗೂ ಕ್ಲಬ್ಬಿಗೂ ಒಂದ ಬಾವಿ ನೀರು ಇಲ್ಲಿ.

ಮಾಟುಂಗಾ ಬೆಂಚ್

ಅಲ್ಲಿ ಸ್ವಲ್ಪ ನಿಲ್ಲಿ. ಅವರು ಬಿಡುವಾಗ ಹೇಳಿದ ಕಾರಣ ಗಣಿ ಅಲ್ಲ. ಐಎಸ್‌ಎಲ್ ಅನ್ನು ಮೇಲಿನ ಲೀಗ್ ಮಾಡಿ ಐ-ಲೀಗ್ ಅನ್ನು ಕೆಳಗೆ ತಳ್ಳುವ ಫೆಡರೇಷನ್ನಿನ ಯೋಜನೆಗೆ ಪ್ರತಿಭಟನೆ ಅದು. ಡೆಂಪೊದವರಂತೂ ತಮ್ಮ ಗಣಿ ವ್ಯವಹಾರವನ್ನು 2009ರಲ್ಲೇ ಸೆಸಾ ಗೋವಾಕ್ಕೆ ಮಾರಿಯಾಗಿತ್ತು.

ವಾಸ್ಕೋ ವಿಂಗ್

ಡೆಂಪೊದ್ದು ಖರೆ, ಒಪ್ಪಿದೆ. ಆದ್ರ ರೊಕ್ಕ ಹರಿಯೂ ಕಾಲದಾಗ ಮಾಲಕ ಸಿಟ್ಟು ನುಂಗ್ತಾನ, ರೊಕ್ಕ ಬತ್ತಿದಾಗ ಅದ ಸಿಟ್ಟಿಗೆ ಹೊರಗ ನಡೀತಾನ. ನನ್ನ ವಾದ ಅಷ್ಟ.

ಗೇಟಿನ ಮಾತಿಗೆ ಒಂದು. ವಾಸ್ಕೋದಿಂದ ಫತೋರ್ಡಾ ಸ್ಟೇಡಿಯಂ 30 ಕಿ.ಮೀ. ರಾತ್ರಿ ಪಂದ್ಯ ಬಿಟ್ಟಾಗ ಬಸ್ಸಿನ ಆಸೆ ಇಲ್ಲ, ಸ್ಕೂಟರ್ ಬೇಕು. ಹೋಗಿ ಬರಾಕ 60 ಕಿ.ಮೀ., ಲೀಟರಿಗೆ 40 ಕೊಟ್ರ ಒಂದೂವರಿ ಲೀಟರ್. ₹97ರಂಗ ಹಿಡದ್ರ ₹145. ಬೈನಾದಾಗ ದಿನಗೂಲಿ ಮಾಡೂ ಹುಡುಗರಿಗೆ ಟಿಕೆಟ್ ಪುಕ್ಕಟೆ ಕೊಟ್ರೂ ಇದು ಉಳೀತದ. ಇಬ್ಬರು ಸೇರಿ ಹ್ವಾದ್ರ ಅರ್ಧ ಆಕ್ಕೈತಿ, ಅದಕ್ಕ ಇಲ್ಲಿ ಒಬ್ಬ ಬರದಿದ್ರ ಇಬ್ಬರು ಬರೂದಿಲ್ಲ.

ಹೊನಲು ಬೆಳಕು (ಠಾಣೆ)

ಎಲ್ಲರೂ ಆದಾಯದ ಕಡೆಯಿಂದಲೇ ನೋಡ್ತಿದ್ದೀರಿ. ಮನೆಯ ಕರೆಂಟ್ ಬಿಲ್ ಏರಿಸಿದ ಕಾರಣವೇ ಕ್ಲಬ್ಬಿನ ಬಿಲ್ಲನ್ನೂ ಏರಿಸುತ್ತದೆ. ಬ್ರಿಟನ್‌ನಲ್ಲಿ ಆ ಬೆಲೆ ಮಿತಿ ಇದ್ದದ್ದು ಮನೆಗಳಿಗೆ ಮಾತ್ರ, ವ್ಯಾಪಾರಕ್ಕಲ್ಲ. ಕ್ಲಬ್‌ಗಳು ಎರಡು-ಮೂರು ವರ್ಷಕ್ಕೆ ದರ ಕಟ್ಟಿಸಿಕೊಂಡಿರುತ್ತವೆ. ಕರಾರು 2021ರಲ್ಲಿ ನವೀಕರಿಸಿದವನು ಬಚಾವ್, 2022ರ ಸೆಪ್ಟೆಂಬರ್‌ನಲ್ಲಿ ನವೀಕರಿಸಿದವನು ಸತ್ತ. ಅದಕ್ಕೇ ಆ ಅಕ್ಟೋಬರ್‌ನಿಂದ ಆರು ತಿಂಗಳು ವ್ಯಾಪಾರಗಳಿಗೂ ಸರ್ಕಾರ ಪರಿಹಾರ ಕೊಡಬೇಕಾಯಿತು.

ಇಲ್ಲಿಯ ಲೆಕ್ಕ ಹೇಳ್ತೇನೆ. ಹಳೆಯ ಮೆಟಲ್ ಹ್ಯಾಲೈಡ್ ದೀಪ 2 ಕಿಲೊವ್ಯಾಟ್‌ದು, 200 ಇದ್ದರೆ 400 ಕಿಲೊವ್ಯಾಟ್. ದೀಪದ ಕರೆಂಟನ್ನು ಹದ್ದಿನಲ್ಲಿಡುವ ಬ್ಯಾಲಸ್ಟ್‌ನ ನಷ್ಟ ಬೇರೆ. ಐದು ಗಂಟೆಗೆ 2,000 ಯೂನಿಟ್. ₹12ರಂತೆ ₹24,000, ಇಷ್ಟೇ ಆಗಿದ್ದರೆ ಯಾರೂ ಅಳಬೇಕಿರಲಿಲ್ಲ. ತೊಂದರೆ ಡಿಮ್ಯಾಂಡ್ ಚಾರ್ಜ್‌ನದು. ಎಚ್‌ಟಿ (ಹೈ ಟೆನ್ಷನ್) ಮೀಟರ್ ತಿಂಗಳ ಅತಿ ಹೆಚ್ಚಿನ ಲೋಡನ್ನು ಹಿಡಿದಿಡುತ್ತದೆ. ತಿಂಗಳಿಗೆ ಎರಡೇ ರಾತ್ರಿ ದೀಪ ಹಾಕಿದರೂ ಆ ಶಿಖರದ ಲೋಡಿಗೆ ಇಡೀ ತಿಂಗಳ ಶುಲ್ಕ. ಪಂದ್ಯವೇ ಇಲ್ಲದ ತಿಂಗಳಲ್ಲೂ ಒಪ್ಪಂದದ ಲೋಡಿನ ಒಂದು ಪಾಲು ಕಟ್ಟಲೇಬೇಕು.

ಅದಕ್ಕೇ ಬಾಡಿಗೆ ಜನರೇಟರ್. ಯೂನಿಟ್‌ಗೆ ಸುಮಾರು 0.27 ಲೀಟರ್ ಡೀಸೆಲ್, 2,000 ಯೂನಿಟ್‌ಗೆ 540 ಲೀಟರ್, ₹90ರಂತೆ ₹48,600. ಬಾಡಿಗೆ, ಆಪರೇಟರ್ ಬೇರೆ. ದುಬಾರಿಯಾದರೂ ಪ್ರಸಾರದವರು ಇದನ್ನೇ ಕೇಳುತ್ತಾರೆ. ಯಾಕೆಂದರೆ ಮೆಟಲ್ ಹ್ಯಾಲೈಡ್ ಒಮ್ಮೆ ಟ್ರಿಪ್ ಆದರೆ ಬಿಸಿ ಆರುವ ತನಕ ಮತ್ತೆ ಹತ್ತಿಕೊಳ್ಳುವುದಿಲ್ಲ. 10-15 ನಿಮಿಷ ಕತ್ತಲೆ, ಅಷ್ಟರಲ್ಲಿ ಪ್ರಸಾರದ ವೇಳಾಪಟ್ಟಿ ಹಾಳು. ಎಲ್‌ಇಡಿ ಹಾಕಿದರೆ ಲೋಡ್ ಹೆಚ್ಚುಕಡಿಮೆ ಅರ್ಧ, ಟ್ರಿಪ್ ಆದರೂ ತಕ್ಷಣ ಹತ್ತುತ್ತದೆ. ಆದರೆ ಅಂಧೇರಿಯ ಸಂಕುಲ ಪಾಲಿಕೆಯದು, ಫತೋರ್ಡಾ ರಾಜ್ಯ ಕ್ರೀಡಾ ಪ್ರಾಧಿಕಾರದ್ದು. ಬಾಡಿಗೆ ಮನೆಗೆ ಹೊಸ ವೈರಿಂಗ್ ಯಾರು ಮಾಡಿಸುತ್ತಾರೆ?

ಲೆಕ್ಕದ ಪುಸ್ತಕ (ಪುಣೆ)

ಇದಕ್ಕೆ ಬಡ್ಡಿ ಸೇರಿಸಿ. ಬೆಲೆ ಏರಿದಾಗ ಬ್ಯಾಂಕ್ ಆಫ್ ಇಂಗ್ಲೆಂಡ್ ದರವನ್ನು ಶೇ 0.1ರಿಂದ 2023ರ ಆಗಸ್ಟ್‌ಗೆ ಶೇ 5.25ಕ್ಕೆ ಒಯ್ದಿತು. ಯುರೋಪಿನ ಕ್ಲಬ್‌ಗಳು ಆಟಗಾರನನ್ನು ಮಾರಿದಾಗ ಹಣ ಕಂತಿನಲ್ಲಿ ಬರುತ್ತದೆ. ಆ ಕಂತನ್ನು ಬ್ಯಾಂಕಿಗೆ ಬಿಟ್ಟುಕೊಟ್ಟು ಈಗಲೇ ನಗದು ಎತ್ತುವುದು ಮಾಮೂಲು. ಒಂದು ವರ್ಷದ ನಂತರ ಬರಬೇಕಾದ 1 ಕೋಟಿ ಪೌಂಡ್ ಶೇ 3ರ ಬಡ್ಡಿಯಲ್ಲಿ ಇವತ್ತು 97 ಲಕ್ಷ, ಶೇ 9ರಲ್ಲಿ ಸುಮಾರು 92 ಲಕ್ಷ. ಕ್ಲಬ್ಬಿನ ಸಾಲದ ದರವೂ ಮನೆಸಾಲದ ಕಂತಿನ ಜೊತೆಯಲ್ಲೇ ಏರುತ್ತದೆ.

ಕ್ಲಬ್ ಸಾಯುವುದು ನಷ್ಟದಿಂದಲ್ಲ, ನಗದು ಮುಗಿದು. ಅಲ್ಲಿ ಸೀಸನ್ ಟಿಕೆಟ್ ಹಣ ಬೇಸಿಗೆಯಲ್ಲಿ ಬರುತ್ತದೆ, ಪಂದ್ಯವಿಲ್ಲದ ಜೂನ್-ಜುಲೈ ಸಂಬಳ ಅದರಿಂದಲೇ. ಮನೆಗಳು ಕಷ್ಟದಲ್ಲಿದ್ದಾಗ ಟಿಕೆಟ್ ಬಿಡಲ್ಲ, ಹತ್ತು ಕಂತು ಕೇಳುತ್ತಾರೆ. ವರ್ಷದ ಮೊತ್ತ ಅಷ್ಟೇ, ಆದರೆ ಜುಲೈಯಲ್ಲಿ ಪೆಟ್ಟಿಗೆ ಖಾಲಿ. ಮೊದಲು ತಪ್ಪುವುದು ತೆರಿಗೆ ಇಲಾಖೆಯ ಕಂತು, ಆಮೇಲೆ ಸಂಬಳ. ದಿವಾಳಿ ಆಡಳಿತಕ್ಕೆ ಹೋದರೆ ಇಎಫ್‌ಎಲ್‌ನಲ್ಲಿ 12 ಅಂಕ ಕಡಿತ. 2021ರ ಸೆಪ್ಟೆಂಬರ್‌ನಲ್ಲಿ ಡರ್ಬಿ ಕೌಂಟಿಗೆ ಆದದ್ದು ಅದೇ. ಬರಿ (Bury) ಎಂಬ ಕ್ಲಬ್ಬನ್ನು 2019ರಲ್ಲಿ ಲೀಗಿನಿಂದಲೇ ತೆಗೆದರು. ನಮ್ಮಲ್ಲೂ ಕ್ಲಬ್ ಕಂಪನಿಯ ಬ್ಯಾಲೆನ್ಸ್ ಶೀಟ್ ಸಿಕ್ಕರೆ ಲಾಭ-ನಷ್ಟದ ಪುಟ ಬಿಡಿ. ಟಿಡಿಎಸ್ ಮತ್ತು ಪಿಎಫ್ ಬಾಕಿ, ಮಾಲೀಕನ ಸಮೂಹದಿಂದ ಬಂದ ಸಾಲ, ಈ ಎರಡು ಸಾಲು ನೋಡಿ. ಬಾಕಿ ಬೆಳೆಯುತ್ತಾ ಸಾಲ ನಿಂತಿದ್ದರೆ ಮಾಲೀಕ ಹೊರಡುವ ತಯಾರಿಯಲ್ಲಿದ್ದಾನೆ ಅಂತ ನಾನು ಓದಿಕೊಳ್ಳುತ್ತೇನೆ.

ಡೊಂಬಿವಲಿ ಡಿಫೆಂಡರ್

ಟಿಕೆಟ್ ದರಕ್ಕೆ ವಾಪಸ್ ಬರೋಣ. ಮಾನ್ಯತೆ ಪಡೆದ ಕ್ರೀಡಾಕೂಟದ ಟಿಕೆಟ್ ₹500ರವರೆಗೆ ಜಿಎಸ್‌ಟಿ ಇಲ್ಲ, ಮೇಲಾದರೆ ಶೇ 18. ಐಪಿಎಲ್‌ಗೆ 2025ರ ಸೆಪ್ಟೆಂಬರ್ 22ರಿಂದ ಶೇ 40. ಈ ವಿನಾಯಿತಿ ಸಿಗುವ ಪಂದ್ಯವಾದರೆ ₹499ರ ಟಿಕೆಟ್ ₹499ಕ್ಕೇ ಸಿಗುತ್ತದೆ, ₹549 ಇಟ್ಟರೆ ಮನೆಯವನು ಕಟ್ಟುವುದು ₹648. ಕ್ಲಬ್ಬಿಗೆ ₹50 ಹೆಚ್ಚು ಸಿಗಲು ಮನೆಗೆ ₹149 ಭಾರ. ದರ ಇಡುವವರು ಈ ಮೆಟ್ಟಿಲನ್ನು ನೋಡದೆ ದುಂಡು ಅಂಕಿ ಇಡುತ್ತಾರೆ.

ಹೊನಲು ಬೆಳಕು (ಠಾಣೆ)

ಪ್ರೀಮಿಯರ್ ಲೀಗ್‌ನಲ್ಲಿ ಎದುರು ತಂಡದ ಬೆಂಬಲಿಗರ ಟಿಕೆಟ್‌ಗೆ 2016-17ರಿಂದ 30 ಪೌಂಡ್ ಮಿತಿ ಇದೆ. ದೂರದಿಂದ ಬರುವವನಿಗೆ ರೈಲಿನ ಖರ್ಚೇ ಹೆಚ್ಚು, ಗದ್ದಲ ಎಬ್ಬಿಸಿ ಟಿವಿಯಲ್ಲಿ ಕಳೆ ಕಟ್ಟುವವನೂ ಅವನೇ. ಇಲ್ಲಿ ಬೆಂಗಳೂರಿನವರು ಫತೋರ್ಡಾಕ್ಕೆ ಬಂದಾಗ ಇಂಥದ್ದು ಮಾಡಬಹುದು, ಕ್ಲಬ್ಬಿಗೆ ಏನೂ ಹೊರೆಯಾಗದು.

ಡೊಂಬಿವಲಿ ಡಿಫೆಂಡರ್

ಬೆಂಚ್ ಅವರೇ, ಕ್ಯಾಂಟೀನಿನವನೂ ಉಳಿಯಬೇಕು, ಮನೆಯವನಿಗೂ ಹಗುರಾಗಬೇಕು ಅಂದರೆ ಮೊದಲು ಎಲ್ಲಿ ಕೈ ಹಾಕಬೇಕು?

ಮಾಟುಂಗಾ ಬೆಂಚ್

ನೀರಿಗೆ. 5,000 ಜನಕ್ಕೆ ತಲೆಗೆ 300 ಮಿ.ಲೀ. ಅಂದರೆ 1,500 ಲೀಟರ್. 20 ಲೀಟರಿನ 75 ಕ್ಯಾನು, ₹60ರಂತೆ ₹4,500. ಕಾಗದದ ಲೋಟ 10,000, ಸುಮಾರು ₹5,000. ಪಂದ್ಯಕ್ಕೆ ₹10,000 ಒಳಗೆ ಮುಗಿಯಿತು. ಬಾಟಲಿ ಒಳಗೆ ಬಿಡುವ ಪ್ರಶ್ನೆಯೇ ಬರುವುದಿಲ್ಲ, ಭದ್ರತೆಯವರೂ ತಕರಾರು ಮಾಡುವುದಿಲ್ಲ.

ತಕರಾರು ಬರುವುದು ಕಂತ್ರಾಟುದಾರನಿಂದ, ಯಾಕೆಂದರೆ ಅವನಿಗೆ ಬೇಯಿಸದೆ ಲಾಭ ಕೊಡುವ ಸಾಮಾನು ನೀರಿನ ಬಾಟಲಿ ಒಂದೇ. ಹಾಗಾಗಿ ನಿಗದಿ ಹಣ ₹40,000 ಅಂತ ಇಡಬೇಡಿ. ₹15,000 ನಿಗದಿ, ಅದರ ಮೇಲೆ ವ್ಯಾಪಾರದಲ್ಲಿ ನೂರಕ್ಕೆ 8 ಅಂತ ಇಡಿ. ₹2.4 ಲಕ್ಷದ ದಿನ ಕ್ಲಬ್ಬಿಗೆ ₹34,200, ₹3.6 ಲಕ್ಷದ ದಿನ ₹43,800. ಬಿಲ್ಲಿಂಗ್ ಮೆಷಿನ್ ಕ್ಲಬ್ಬಿನದೇ ಇರಲಿ, ಯುಪಿಐ ಕೋಡೂ ಕ್ಲಬ್ಬಿನದೇ ಇರಲಿ, ಇಲ್ಲದಿದ್ದರೆ ನೂರಕ್ಕೆ 8 ಎಷ್ಟರ ಮೇಲೆ ಅಂತ ಜಗಳ ಶುರು. ಮತ್ತೆ, ಪುಕ್ಕಟೆ ನೀರಿನ ಷರತ್ತನ್ನು ಟೆಂಡರ್ ಕಾಗದದಲ್ಲೇ ಬರೆಯಿರಿ. ಕರಾರಿಗೆ ಸಹಿ ಬಿದ್ದ ಮೇಲೆ ಹೇಳಿದರೆ ಪರಿಹಾರ ಕೇಳುತ್ತಾನೆ, ಕೊಡಲೂ ಬೇಕಾಗುತ್ತದೆ.